ಟೀ ತೋಟದಲ್ಲಿ ನಿಂತುಹೋದ ಉಳಿ

ಸಿಂಹಳಕ್ಕೆ ಹೋಗಿ ಬಂದೆ ಎಂದ ಕೂಡಲೇ ಮುಳಬಾಗಿಲಿನಲ್ಲಿ ನನ್ನ ನಾದಿನಿ, ಕೋಲಾರದಲ್ಲಿ ನೆಂಟರು, ತವರೂರಾದ ರಾಯಲ್ಪಾಡಿನಲ್ಲಿ ಅತ್ತಿಗೆಯರು, ಎಲ್ಲರೂ ಕೇಳುವುದು ಸಮುದ್ರದ ವಿಚಾರವನ್ನೇ. ಸಮುದ್ರ ಹೇಗಿದೆ ಎಂದು ನನಗೆ ಗೊತ್ತಿಲ್ಲ. ಹಡಗಿನಲ್ಲಿದ್ದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡು ರಾಮನಾಮ ಹೇಳುತ್ತಿದ್ದೆ. ಕಣ್ಣು ಬಿಟ್ಟು ನೋಡಿದ್ದು ಬೇರೆ. ಅದನ್ನು ಯಾರೂ ಕೇಳುವುದಿಲ್ಲ. ನೋಡಿದ್ದೆಲ್ಲ ಅರ್ಥವಾಯಿತು ಎಂದೂ ಹೇಳಲಾರೆ. ಆದರೂ ಬರೆಯುತ್ತೇನೆ. ಓದುವ ಅಕ್ಕತಂಗಿಯರಲ್ಲಿ ಯಾರಿಗಾದರೂ ಅರ್ಥವಾದರೆ ನನಗೂ ಹೇಳಿ.

ಮಾಲೂರು

ನಮ್ಮ ಮನೆಯವರು ಮಾಲೂರಿನಲ್ಲಿ ಖಾದರ್ ಸಾಹೇಬರ ಕಲ್ಲಿನ ಅಂಗಡಿಯಲ್ಲಿ ಗುಮಾಸ್ತರು. ಶಿವಾರಪಟ್ಟಣದ ಶಿಲ್ಪಿಗಳು ಕೆತ್ತುವ ವಿಗ್ರಹಗಳನ್ನು ದೂರದೂರಿನ ದೇವಸ್ಥಾನಗಳಿಗೆ ಒದಗಿಸುವುದು ಸಾಹೇಬರ ಕಸುಬು. ಸಿಂಹಳದ ಬೆಟ್ಟದ ಮೇಲೆ ಒಂದು ಟೀ ತೋಟದವರು ಅಮ್ಮನವರ ಗುಡಿ ಕಟ್ಟಿಸಿ, ವಿಗ್ರಹವನ್ನು ಅಲ್ಲೇ ಕೆತ್ತಿಕೊಡಬೇಕೆಂದು ಕೇಳಿದ್ದರು. ಸಾಹೇಬರು ಕಲ್ಲನ್ನೂ, ಅದರ ಹಿಂದೆ ನಂಜುಂಡಾಚಾರಿಯವರನ್ನೂ, ಅವರ ಅಳಿಯ ಕಾಳಾಚಾರಿಯನ್ನೂ ಕಳಿಸಿದ್ದರು. ಮೂರು ತಿಂಗಳು ಕೆಲಸ ಸರಾಗವಾಗಿ ನಡೆದು ಆಮೇಲೆ ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಕಾಗದ ಬಂತು: ಹುಣ್ಣಿಮೆಗೆ ಪ್ರತಿಷ್ಠೆ, ಶಿಲ್ಪಿಗಳು ಉಳಿ ಮುಟ್ಟುತ್ತಿಲ್ಲ, ಹೀಗೇ ಆದರೆ ತಮಿಳು ಸೀಮೆಯಿಂದ ಬೇರೆ ವಿಗ್ರಹ ತರಿಸಿ ಇವರನ್ನು ವಾಪಸು ಕಳಿಸುತ್ತೇವೆ.

ಖಾದರ್ ಸಾಹೇಬರು ನಮ್ಮ ಮನೆಗೇ ಬಂದರು. ಜಗಲಿಯ ಮೇಲೆ ಕೂತು, "ಗುಮಾಸ್ತರೇ, ನಾನು ಜಬಾನ್ ಕೊಟ್ಟೀನಿ. ಆಚಾರಿಗಳು ಬೇಕಂತ ಸುಮ್ನೆ ಕೂರೋರಲ್ಲ. ಅವರು ವಾಪಸು ಬಂದ್ರೆ ಇನ್ನು ಶಿವಾರಪಟ್ಟಣದ ಹೆಸರು ಹೇಳಿದ್ರೆ ಜನ ನಗ್ತಾರೆ. ನೀವು ಹೋಗಿ ನೋಡಿ. ಆ ಕಡೆ ಸಾವಿರಾರು ಜನರ ಕೈಲಿ ಕೆಲಸ ಮಾಡಿಸೋ ಮ್ಯಾನೇಜರುಗಳಿದಾರಂತೆ. ಹೆಂಗೆ ಮಾಡಿಸ್ತಾರೆ ಅಂತ ಕೇಳ್ಕೊಂಡು ಬರ್ಕೊಳಿ," ಎಂದರು.

ನಮ್ಮವರು ಒಂದು ನೋಟುಬುಕ್ಕು ಕೊಂಡರು. ಅವರಿಗೆ ಹೊಟ್ಟೆನೋವಿನ ಉಪದ್ರವ, ಹೊರಗಿನ ಅನ್ನ ಆಗದು. ಹಾಗಾಗಿ ನಾನೂ ಹೊರಟೆ. ಶಿವಾರಪಟ್ಟಣದಿಂದ ನಂಜುಂಡಾಚಾರಿಯವರ ಹೆಂಡತಿ ರಾಗಿಹಿಟ್ಟಿನ ಡಬ್ಬ ತಂದುಕೊಟ್ಟು, "ಅವರಿಗೇನಾದ್ರೂ ಮೈಗೆ ಹುಷಾರಿಲ್ವೇನೋ, ನೋಡಿ ಒಂದು ಕಾಗದ ಹಾಕಿ ತಾಯಿ," ಎಂದು ಕೈ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು. ರೈಲಿನಲ್ಲಿ ಕೂತ ಮೇಲೂ ಅದೇ ನೆನಪು.

"ಕೆಲಸ ಆಗಲಿಲ್ಲ ಅಂದ್ರೆ ನಾನು ಮತ್ತೆ ಸಾಹೇಬರ ಅಂಗಡಿ ಮೆಟ್ಟಿಲು ಹತ್ತೋಲ್ಲ ಕಣೇ," ಎಂದರು ನಮ್ಮವರು, ಗಾಡಿ ಟೇಕಲ್ಲು ದಾಟುವಾಗ.

ಮಂಡಪ, ಮತ್ತು ಹಡಗು

ರಾಮೇಶ್ವರದ ಹತ್ತಿರ ಮಂಡಪದಲ್ಲಿ, ತೋಟಗಳಿಗೆ ಹೋಗುವ ಕೂಲಿಯವರ ಶಿಬಿರದಲ್ಲಿ, ಡಾಕ್ಟರು ನೋಡಿ ಚೀಟಿ ಕೊಟ್ಟರೇ ಹಡಗು. ಅಲ್ಲಿ ನನ್ನ ಸಾಮಾನು ಬಿಚ್ಚಿಸಿದರು. ಜವಾನನೊಬ್ಬ ರಾಗಿಹಿಟ್ಟಿನ ಡಬ್ಬಕ್ಕೆ ಮೂಗಿಟ್ಟು ಜೋರಾಗಿ ಉಸಿರೆಳೆದ. ಆಮೇಲೆ ಅವನು ಸೀನಿದ್ದು ಎಷ್ಟು ಸಲವೆಂದರೆ, ಸಾಲಿನಲ್ಲಿದ್ದವರೆಲ್ಲ ನನ್ನನ್ನು ರೋಗಿಷ್ಠೆ ಎಂದು ತಿಳಿದು ದೂರ ಸರಿದರು. ಬೇಗ ಚೀಟಿ ಸಿಕ್ಕಿತು. ದೇವರು ಯಾವ ರೂಪದಲ್ಲಾದರೂ ದಾರಿ ಬಿಡಿಸುತ್ತಾನೆ.

ನಮ್ಮವರು ಅಲ್ಲಿನ ಮೇಲ್ವಿಚಾರಕರನ್ನು ಕಂಡು ನೋಟುಬುಕ್ಕು ತೆರೆದೇಬಿಟ್ಟರು: ಇಷ್ಟು ಜನರ ಕೈಲಿ ಕೆಲಸ ಮಾಡಿಸುವುದು ಹೇಗೆ? ಆತ ಮೀಸೆ ತಿರುವಿ, "ಊಟದ ಗಂಟೆ ಹೊಡೆಯುವವನು ನಾನು. ಅಷ್ಟೇ ಸಾಕು," ಎಂದರಂತೆ. ನಮ್ಮವರು ಅದನ್ನು ಒಂದನೇ ಉತ್ತರ ಎಂದು ಬರೆದುಕೊಂಡರು.

ಹಡಗಿನ ವಿಚಾರ ಆಗಲೇ ಹೇಳಿದ್ದೇನೆ.

ತೋಟ, ಮೊದಲ ದಿನ

ಆಚೆ ದಡದಲ್ಲಿ ಮತ್ತೆ ರೈಲು, ಆಮೇಲೆ ಎತ್ತಿನಗಾಡಿ. ಬೆಟ್ಟವೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು ಗಿಡ. ನಮ್ಮ ಕಡೆ ಬೆಟ್ಟವೆಂದರೆ ಬಂಡೆ, ಬಂಡೆಯ ಸಂದಿಯಲ್ಲಿ ಸೀತಾಫಲದ ಗಿಡ. ಇಲ್ಲಿ ಕೂರೋಣವೆಂದರೆ ಒಂದು ಕಲ್ಲು ಕಾಣಲಿಲ್ಲ. ಕಲ್ಲನ್ನು ಸಮುದ್ರ ದಾಟಿಸಿ ತಂದಿದ್ದು ಯಾಕೆಂದು ಆಗ ತಿಳಿಯಿತು.

ನಮ್ಮಲ್ಲಿ ಮೇಸ್ತ್ರಿ ಎನ್ನುವವರನ್ನು ಅಲ್ಲಿ ಕಂಗಾಣಿ ಎನ್ನುತ್ತಾರೆ. ದೊಡ್ಡ ಕಂಗಾಣಿ ನಾಯುಡು ನಮ್ಮನ್ನು ಇಳಿಸಿಕೊಂಡರು. ಅವರ ತಾತ ಪಲಮನೇರಿನವರಂತೆ. ಸಮುದ್ರದಾಚೆ ತೆಲುಗು ಕೇಳಿ ನನಗೆ ತವರೂರಿಗೇ ಬಂದ ಹಾಗಾಯಿತು. ಇರಲು ಒಂದು ಕೋಣೆ, ಒಲೆ, ಹತ್ತಿರದಲ್ಲೇ ಬುಗ್ಗೆಯ ನೀರು. ಮಡಿಗೆ ತೊಂದರೆಯಿರಲಿಲ್ಲ.

ಸ್ನಾನ ಮಾಡಿ ಮೊದಲು ಹೋದದ್ದು ಶಿಲ್ಪಿಗಳ ಚಪ್ಪರಕ್ಕೆ. ಅಮ್ಮನವರು ಮುಗಿಯುತ್ತ ಬಂದಿದ್ದರು. ಕೈ, ಬಳೆ, ಸೀರೆಯ ನಿರಿಗೆ, ಪಾದದ ಗೆಜ್ಜೆ ಎಲ್ಲ ಆಗಿತ್ತು. ಮುಖ ಮಾತ್ರ ಇನ್ನೂ ಕಲ್ಲಿನ ಉಂಡೆ. ಆ ಉಂಡೆಯ ಮೇಲೆ ಅಷ್ಟಗಲ ಕುಂಕುಮ, ಪಾದದಲ್ಲಿ ಕಣಗಿಲೆ ಹೂವು, ಕರ್ಪೂರದ ಮಸಿ. ಪರದೇಶದಲ್ಲೂ ಎಷ್ಟು ಭಕ್ತಿ ಎಂದುಕೊಂಡೆ. ನಾನೂ ಕುಂಕುಮವಿಟ್ಟು, ತಂದಿದ್ದ ಒಂದು ಕರ್ಪೂರ ಹಚ್ಚಿ ನಮಸ್ಕಾರ ಮಾಡಿದೆ. ಸುಖವಾಗಿ ಮುಟ್ಟಿಸಿದೆಯಲ್ಲ ತಾಯಿ ಎಂದೆ. ನಂಜುಂಡಾಚಾರಿಯವರು ಮುಖ ತಿರುಗಿಸಿ ಹೊರಗೆ ನೋಡುತ್ತ ಕೂತಿದ್ದರು. ಅರವತ್ತು ದಾಟಿದ ಮನುಷ್ಯರು, ಮೈಗೇನೂ ಆಗಿರಲಿಲ್ಲ.

"ಯಾಕೆ ಆಚಾರಿಗಳೇ ಕೆಲಸ ನಿಂತಿದೆ?" ಎಂದು ಕೇಳಿದರು ನಮ್ಮವರು.

"ಚಳಿ ಗುಮಾಸ್ತರೇ. ಬೆರಳು ಮರಗಟ್ಕೊಳ್ಳುತ್ತೆ."

ಮಾರನೆಯ ದಿನ ಕೇಳಿದರೆ ಉಳಿ ಮೊಂಡಾಗಿದೆ, ಇಲ್ಲಿನ ಕುಲುಮೆ ಸರಿಯಿಲ್ಲ ಎಂದರು. ಅದರ ಮಾರನೆಯ ದಿನ, ಕನಸು ಒಳ್ಳೆಯದು ಬೀಳಲಿಲ್ಲ ಎಂದರು. ಬಿಸಿಲು ಚುರುಗುಟ್ಟುತ್ತಿತ್ತು, ಉಳಿಗಳು ಸಾಲಾಗಿ ಹೊಳೆಯುತ್ತಿದ್ದವು.

ಬಂಗಲೆ, ಕಾರ್ಖಾನೆ, ಚಪ್ಪರ

ತೋಟದ ಮ್ಯಾನೇಜರು ಬಿಳಿಯ ದೊರೆ. ಕೂಲಿಯವರ ಜೊತೆ ಮಾತಾಡಲು ತಮಿಳು ಕಲಿತಿದ್ದರು. ನಮ್ಮವರಿಗೂ ತಮಿಳು ಬರುತ್ತದೆ. ನನಗೆ ಅರ್ಧಂಬರ್ಧ. ಬಂಗಲೆಯ ವರಾಂಡದಲ್ಲಿ ದೊರೆ ಬಹಳ ಉತ್ಸಾಹದಿಂದ ಹೇಳಿದರು: ಒಂದು ಹಲಗೆ ಇಟ್ಟಿದ್ದಾರೆ, ದಿನವೂ ಹೆಚ್ಚು ಎಲೆ ಕಿತ್ತವಳ ಹೆಸರನ್ನು ಅದರಲ್ಲಿ ಬರೆಸುತ್ತಾರೆ. ಅದಕ್ಕಿಂತ ದೊಡ್ಡ ಉಪಾಯ ಇನ್ನೊಂದು. ಹೆಂಗಸರಿಗೆ ದೇವಿಯ ಮೇಲೆ ಪ್ರೀತಿ ಎಂದು ಕಂಡು ಬೆಳಗಿನ ಹಾಜರಿಯನ್ನು ಶಿಲ್ಪಿಗಳ ಚಪ್ಪರದ ಎದುರಿಗೇ ಬದಲಾಯಿಸಿದ್ದಾರೆ. ಈಗ ಎಲ್ಲರೂ ಕೈ ಮುಗಿದು ಹೋಗುತ್ತಾರೆ. ತಡವಾಗಿ ಬರುವವರೇ ಇಲ್ಲ, ಎಲೆಯೂ ಹೆಚ್ಚಾಗಿದೆ. "ಮನುಷ್ಯನಿಗೆ ಯಾವುದರಲ್ಲಿ ಮನಸ್ಸಿದೆಯೋ ಅದನ್ನು ಅವನ ಕೆಲಸದ ಎದುರಿಗೆ ನಿಲ್ಲಿಸಬೇಕು," ಎಂದರು. ನಮ್ಮವರು ಎರಡು ಪುಟ ಬರೆದರು. ನಾನೂ ತಲೆದೂಗಿದೆ.

ನಾಯುಡು ಹೊರಗೆ ಬಂದ ಮೇಲೆ ತೆಲುಗಿನಲ್ಲಿ ಬೇರೆ ಹೇಳಿದರು. "ಹಲಗೆ ಗಿಲಗೆ ಏನೂ ಇಲ್ಲಮ್ಮಾ. ಬೆಳಗ್ಗೆ ಬಂದ ತಕ್ಷಣ ಒಬ್ಬನನ್ನು ಹಿಡಿದು ಚೆನ್ನಾಗಿ ಬೈಯಬೇಕು. ತಪ್ಪು ಮಾಡಿರಲೇಬೇಕು ಅಂತಿಲ್ಲ. ನಲವತ್ತು ಜನ ಸಂಜೆವರೆಗೂ ನೆಟ್ಟಗಿರ್ತಾರೆ."

ಕಾರ್ಖಾನೆಯಲ್ಲಿ ಎಲೆ ಹುರಿಯುವ ಕೆಲಸದ ಮೇಲ್ವಿಚಾರಣೆಗೆ ಇದ್ದವರು ವಯಸ್ಸಾದ ಸಿಂಹಳದವರು. ಅವರು ನಮ್ಮವರ ನೋಟುಬುಕ್ಕನ್ನೇ ನೋಡುತ್ತ, "ಕೆಲಸ ಬಲ್ಲವನ ಹತ್ತಿರ ಹೋಗಿ ನಿಲ್ಲಬೇಡಿ. ನೀವೀಗ ಬಂದು ನಿಂತಿರಿ, ಅಲ್ಲಿ ನೋಡಿ, ಎಲೆ ಸೀದುಹೋಯಿತು," ಎಂದರು. ನಿಜವಾಗಿಯೂ ಸೀದಿತ್ತು. ನಾವು ಬೇಗನೆ ಹೊರಗೆ ಬಂದೆವು.

ನಮ್ಮವರು ಒಂದೊಂದಾಗಿ ಪ್ರಯೋಗಿಸಿದರು. ಚಪ್ಪರದ ಕಂಬಕ್ಕೆ ಹಲಗೆ ತೂಗುಹಾಕಿ "ಇಂದಿನ ಕೆಲಸ" ಎಂದು ಬರೆದರು. ಸಂಜೆ ನೋಡಿದರೆ ಅದರ ಕೆಳಗೆ ಕಾಳಾಚಾರಿ ಸೀಮೆಸುಣ್ಣದಲ್ಲಿ ಕುಂಬಳಕಾಯಿ ಬರೆದಿದ್ದ. ಕಾಯಿ ಮಾತ್ರ ಬಲು ಚೆನ್ನಾಗಿತ್ತು. ಮಾರನೆಯ ಬೆಳಗ್ಗೆ ನಮ್ಮವರು ಬೈಯಲು ನಿಂತರು. ಅವರಿಗೆ ಬೈದು ಅಭ್ಯಾಸವಿಲ್ಲ, ನನ್ನನ್ನೇ ಸರಿಯಾಗಿ ಬೈದವರಲ್ಲ. ಮೂರನೆಯ ಮಾತಿಗೆ ಕೆಮ್ಮು ಬಂತು. ನಂಜುಂಡಾಚಾರಿಯವರು ಎದ್ದು ನೀರು ತಂದುಕೊಟ್ಟು, "ಕೂತ್ಕೊಂಡು ಬಯ್ಯಿ ಗುಮಾಸ್ತರೇ, ಹೊಟ್ಟೆನೋವಿನವರು," ಎಂದರು. ಆಮೇಲೆ ಎರಡು ದಿನ ಅತ್ತ ತಲೆಹಾಕದೆ ಇದ್ದು ನೋಡಿದರು. ಮಾವ ಅಳಿಯ ಇಬ್ಬರೂ ನೆಲದಲ್ಲಿ ಮನೆ ಕೊರೆದು ಹುಲಿಕುರಿ ಆಡುತ್ತಿದ್ದರು.

ನನಗೂ ಒಂದು ಉಪಾಯ ತೋರಿತು. ಊರ ಊಟವಿಲ್ಲದೆ ಕೈ ಸೋತಿರಬಹುದು. ಅವರು ಬೇರೆಯವರು ಮಾಡಿದ್ದು ಉಣ್ಣುವುದಿಲ್ಲ. ಹಾಗಾಗಿ ರಾಗಿಹಿಟ್ಟನ್ನೂ ಹುರುಳಿಯನ್ನೂ ಕೊಟ್ಟೆ. ಕಾಳಾಚಾರಿಯೇ ಮುದ್ದೆ ತೊಳಸಿದ, ಹುರುಳಿಸಾರು ಮಾಡಿದ. ಉಂಡು, ನಮ್ಮ ಏಳು ತಲೆಯನ್ನೂ ಹರಸಿ, ಇಬ್ಬರೂ ಸಂಜೆವರೆಗೆ ನಿದ್ದೆ ಮಾಡಿದರು.

ಹುಣ್ಣಿಮೆಗೆ ಹನ್ನೆರಡು ದಿನವಿತ್ತು. ದೊರೆಯ ಬಂಗಲೆಯಿಂದ ಚೀಟಿ ಬಂತು. ಇನ್ನು ಐದು ದಿನದಲ್ಲಿ ಮುಖದ ಕೆಲಸ ಶುರುವಾಗದಿದ್ದರೆ ಬೇರೆ ವಿಗ್ರಹಕ್ಕೆ ತಂತಿ ಕೊಡುತ್ತಾರೆ. ನಮ್ಮವರು ಅವತ್ತು ಮಜ್ಜಿಗೆಯನ್ನೂ ಕುಡಿಯಲಿಲ್ಲ.

ಹೊರಗೆ ಕೂತ ದಿನಗಳು

ಆಗಲೇ ನಾನು ಹೊರಗಾದೆ. ಹೆಂಗಸರು ಓದುವ ಬರಹ, ಸಂಕೋಚವೇನು. ಪರದೇಶದಲ್ಲಿ, ಇಂಥ ಹೊತ್ತಿನಲ್ಲಿ, ದೇವರ ಹತ್ತಿರ ಹೋಗುವ ಹಾಗೂ ಇಲ್ಲವಲ್ಲ ಎಂದು ಅಳು ಬಂತು. ಚಪ್ಪರದಿಂದ ದೂರದಲ್ಲಿ, ಒಂದು ಮರದ ಬುಡದಲ್ಲಿ ಗೋಣಿತಾಟು ಹಾಕಿಕೊಂಡು ಕೂತೆ. ಅದುವರೆಗೆ ದಿನವೂ ಹೋಗಿ ಕುಂಕುಮವಿಟ್ಟು ಬರುತ್ತಿದ್ದೆನೇ ಹೊರತು ನಿಂತು ನೋಡಿರಲಿಲ್ಲ. ಈಗ ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಈ ಪ್ರಯಾಣದಲ್ಲಿ ದೇವರು ಮಾಡಿದ ದೊಡ್ಡ ಉಪಕಾರ ಅದೇ ಎಂದು ಈಗ ಅನ್ನಿಸುತ್ತದೆ.

ಹಾಜರಿಯ ಕೊಂಬು ಊದಿದರು. ಹೆಂಗಸರು ಬುಟ್ಟಿ ಬೆನ್ನಿಗೆ ಹಾಕಿಕೊಂಡು ಬಂದರು. ಒಬ್ಬೊಬ್ಬಳೂ ಕಲ್ಲಿನ ಮುಂದೆ ಬಗ್ಗಿದಳು, ಕುಂಕುಮವಿಟ್ಟಳು, ಹೂವಿಟ್ಟಳು, ಏನೋ ಹೇಳಿಕೊಂಡಳು. ಅವರೆಲ್ಲ ಬೆಟ್ಟ ಹತ್ತಿದ ಮೇಲೆ ನಂಜುಂಡಾಚಾರಿಯವರು ಎದ್ದರು. ಕೈಕಾಲು ತೊಳೆದರು. ಉಳಿ, ಸುತ್ತಿಗೆ ತೆಗೆದುಕೊಂಡು ವಿಗ್ರಹದ ಎದುರಿಗೆ ನಿಂತರು. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಆ ಕುಂಕುಮವನ್ನು ಒರೆಸಲು ಕೈಯೆತ್ತಿದರು. ಕೈ ಅಲ್ಲೇ ನಿಂತಿತು. ಎಷ್ಟು ಹೊತ್ತು ಎಂದರೆ, ಬಟ್ಟೆಯ ನೀರು ತೊಟ್ಟಿಕ್ಕುವುದು ನಿಂತುಹೋಯಿತು. ಆಮೇಲೆ ಬಟ್ಟೆಯನ್ನು ಮಡಿಸಿಟ್ಟು, ಉಳಿಯನ್ನು ಸಾಲಿನಲ್ಲಿಟ್ಟು, ಹೋಗಿ ಕೂತರು.

ಮಾರನೆಯ ದಿನವೂ ಹಾಗೆಯೇ. ಅವರು ನೀರಿಗೆ ಈ ಕಡೆ ಬಂದಾಗ ದೂರದಿಂದಲೇ ಕೂಗಿ ಕೇಳಿದೆ: "ಆಚಾರಿಗಳೇ, ಕುಂಕುಮ ಒರೆಸೋಕೆ ಯಾಕೆ ಅಷ್ಟು ಕಷ್ಟ?"

ಅವರು ಬಿಂದಿಗೆ ಇಳಿಸಿದರು.

"ಅಮ್ಮ, ನಮ್ಮೂರಲ್ಲಿ ಕೆಲಸದ ಕಲ್ಲಿಗೆ ಯಾರೂ ಕೈ ಮುಗಿಯೋಲ್ಲ. ನಮ್ ಮೊಮ್ಮಕ್ಳು ಅದರ ಮೇಲೇ ಕೂತ್ಕೊಂಡು ಕಡಲೆಪುರಿ ತಿಂತವೆ. ಕಣ್ಣು ಬಿಡಿಸೋವರೆಗೂ ಅದು ಕಲ್ಲೇ. ಎಷ್ಟು ಬೇಕಾದ್ರೂ ಏಟು ಹಾಕಬೋದು. ಇಲ್ಲಿ ಇವ್ರು ಬೆಳಗ್ಗೆ ಎದ್ದು ಬಂದು ಅತ್ಕೊಂಡು, ನನ್ ಮಗೂನ ಕಾಪಾಡು, ನನ್ ಗಂಡನ್ನ ಕಾಪಾಡು ಅಂತಾರೆ. ಅವ್ರು ಹೋದ ಗಳಿಗೆಗೆ ನಾನು ಆ ಮುಖಕ್ಕೆ ಉಳಿ ಇಡಬೇಕು. ಹೆಂಗೆ ಇಡ್ಲಿ?"

"ಹಾಗಂತ ದೊರೆಗೆ ಹೇಳಬಾರದಾಗಿತ್ತೆ? ನಮ್ಮವರಿಗೆ ಹೇಳಬಾರದಾಗಿತ್ತೆ?"

"ಏನಂತ ಹೇಳ್ಲಿ? ಕೈ ಮುಗಿಬೇಡಿ ಅಂತ ನನ್ ಬಾಯಲ್ಲಿ ಹೇಳ್ಲಾ? ಆ ಪಾಪ ಬೇರೆ ಕಟ್ಕೊಳ್ಲಾ?" ಬಿಂದಿಗೆ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದರು. "ಊರಿಂದ ತಿಳಿದವರು ಬಂದ್ರು, ಅವ್ರೇ ಗೊತ್ಮಾಡ್ಕೋತಾರೆ ಅಂತಿದ್ದೆ. ಬಂದ ಗಳಿಗೇಲೇ ತಾವೂ ಕುಂಕುಮ ಇಟ್ರಿ."

ಒಂಬತ್ತು ದಿನ ದಿನವೂ ಕುಂಕುಮವಿಟ್ಟಿದ್ದೆ. ಪೂಜೆಯೆಂದು ಮಾಡಿದ್ದು ಅಡ್ಡಿಯಾಗುವುದು ಹೇಗೆ ಎಂದು ಇವತ್ತಿಗೂ ನನಗೆ ಪೂರ್ತಿ ಬಗೆಹರಿದಿಲ್ಲ.

ಹಾಜರಿ ಬಯಲು

ನಾನು ದೂರದಿಂದಲೇ ಹೇಳಿದ್ದು ಕೇಳಿ ನಮ್ಮವರು ಬಂಗಲೆಗೆ ಓಡಿದರು. ದೊರೆ ಎಲ್ಲ ಕೇಳಿ ತಲೆ ಹಿಡಿದುಕೊಂಡರು. ಹೆಂಗಸರನ್ನು ತಡೆದರೆ ತಮ್ಮನ್ನು ಗುಡಿಯಿಂದಲೇ ಹೊರಗಿಟ್ಟರು ಎಂದು ಅವರು ಬುಟ್ಟಿ ಇಳಿಸಿ ಕೆಲಸ ನಿಲ್ಲಿಸುತ್ತಾರೆ. ತಡೆಯದಿದ್ದರೆ ಶಿಲ್ಪಿ ಉಳಿ ಎತ್ತುವುದಿಲ್ಲ. "ಇಬ್ಬರಿಗೂ ಒಂದೇ ದೇವಿ ತಾನೇ?" ಎಂದು ಕೇಳಿದರಂತೆ. ನಮ್ಮವರು ಹೌದು ಎಂದರಂತೆ.

ನಾನು ಮಿಂದು ಒಳಗೆ ಬಂದ ದಿನ ಅವರು ಒಲೆಯ ಮುಂದೆ ಕೂತು ಇದನ್ನೆಲ್ಲ ಹೇಳಿದರು. ನಾನು ಅಕ್ಕಿ ಆರಿಸುತ್ತಿದ್ದೆ. ದೊಡ್ಡದಾಗಿ ಯೋಚಿಸಿ ಹೇಳಿದ ಮಾತಲ್ಲ. "ಗುಡಿ ರಿಪೇರಿ ಮಾಡುವಾಗ ದೇವರನ್ನ ಕಲಶಕ್ಕೆ ಇಳಿಸ್ತಾರಲ್ಲ ರೀ. ಹಾಗೇ ಇಳಿಸಿ, ಕಲಶಕ್ಕೆ ಕೈ ಮುಗೀಲಿ. ವರಮಹಾಲಕ್ಷ್ಮಿಗೆ ನಾವೇನು ಕಲ್ಲು ಕೆತ್ತಿಸ್ತೀವಾ?" ಎಂದೆ. ಅವರು ನನ್ನನ್ನೇ ನೋಡಿದರು. ನೋಟುಬುಕ್ಕು ತೆಗೆಯಲಿಲ್ಲ.

ತೋಟದ ಪೂಜಾರಿ ಒಪ್ಪಿದರು. ವಿಗ್ರಹಕ್ಕೂ ತಾಮ್ರದ ಚೆಂಬಿಗೂ ದರ್ಭೆ ಮುಟ್ಟಿಸಿ ಮಂತ್ರ ಹೇಳಿ ದೇವಿಯನ್ನು ಚೆಂಬಿಗೆ ಬರಮಾಡಿಕೊಂಡರು. ಹಾಜರಿ ಬಯಲಿನ ಇನ್ನೊಂದು ಕೊನೆಯಲ್ಲಿ ನಾನು ರಂಗೋಲಿ ಹಾಕಿ, ಮಣೆಯ ಮೇಲೆ ಕಲಶವಿಟ್ಟು, ವೀಳ್ಯದೆಲೆ, ತೆಂಗಿನಕಾಯಿ, ಮೇಲೊಂದು ರವಿಕೆಬಟ್ಟೆ ಇಟ್ಟೆ. ವಿಗ್ರಹಕ್ಕೆ ಕಾಳಾಚಾರಿ ಗೋಣಿ ಹೊದಿಸಿದ.

ಮಾರನೆಯ ಬೆಳಗ್ಗೆ ಹೆಂಗಸರು ಬಂದು ಗೋಣಿಯನ್ನು ನೋಡಿ ನಿಂತುಬಿಟ್ಟರು. ಕಲಶದ ಕಡೆ ಯಾರೂ ಬರಲಿಲ್ಲ. ಇಬ್ಬರು ಅತ್ತರು. ನಾಯುಡು ಬೈಯಲು ಬಾಯಿ ತೆರೆದರು. ನಾನು ಬೇಡವೆಂದು ಕೈಯಾಡಿಸಿದೆ. ಆಗ ಪೇಚಿ ಎಂಬ ಮುದುಕಿ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನ ಕಲಶವನ್ನು ನೋಡಿದಳು.

"ತಾಯಿಗೆ ಇಷ್ಟೇ ಬೊಟ್ಟಾ? ನಿಮ್ಮೂರಲ್ಲಿ ಕುಂಕುಮಕ್ಕೆ ಬರವಾ?" ಎಂದಳು ತಮಿಳಿನಲ್ಲಿ. ತೆಂಗಿನಕಾಯಿಯ ಮೇಲೆ ರೂಪಾಯಿಯಗಲ ಬೊಟ್ಟಿಟ್ಟಳು. ನನ್ನ ರಂಗೋಲಿಯ ಒಂದು ಎಳೆಯನ್ನು ಕಾಲಿನಿಂದ ಅಳಿಸಿ ಬೇರೆ ಎಳೆದಳು. ಬೇವಿನಸೊಪ್ಪು ಎಲ್ಲಿ ಎಂದು ಗದರಿದಳು. ಒಬ್ಬಳು ಓಡಿ ತಂದಳು. ಇನ್ನೊಬ್ಬಳು ತನ್ನ ಮುಡಿಯ ಹೂವು ತೆಗೆದಿಟ್ಟಳು. ನೋಡುತ್ತಿದ್ದ ಹಾಗೆ ನಾನು ಹಿಂದಕ್ಕೆ ಸರಿಯುವ ಹಾಗಾಯಿತು. ಕೋಪ ಬರಬೇಕಾಗಿತ್ತು, ಬರಲಿಲ್ಲ. ಎಲ್ಲರೂ ಕೈ ಮುಗಿದು ಬೆಟ್ಟ ಹತ್ತಿದರು.

ನಾವೆಲ್ಲ ಚಪ್ಪರದ ಕಡೆ ಕಿವಿ ಕೊಟ್ಟು ಕೂತೆವು. ಶಬ್ದವಿಲ್ಲ. ನಂಜುಂಡಾಚಾರಿಯವರು ಕುಂಕುಮ ಒರೆಸಿ, ಕಲ್ಲನ್ನು ತೊಳೆದು, ನೋಡುತ್ತ ಕೂತರು. ಸಂಜೆಯಾಯಿತು. ದೊರೆ ಕೊಟ್ಟ ಐದು ದಿನ ಮುಗಿದಿತ್ತು. ನಮ್ಮವರು ಹೋಗಿ ಕಾಡಿ ಬೇಡಿ ಒಂದು ದಿನ ಹೆಚ್ಚು ಪಡೆದುಬಂದರು. ಆ ದಿನವೂ ಮಧ್ಯಾಹ್ನದವರೆಗೆ ಏನಿಲ್ಲ. ಅಡ್ಡಿ ತೆಗೆದ ಮೇಲೂ ಯಾಕೆ? ಕೇಳಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಟಣ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ನಿಲ್ಲಲೇ ಇಲ್ಲ. ನಮ್ಮವರು ಎರಡು ಸಲ ಅನ್ನ ಹಾಕಿಸಿಕೊಂಡರು.

ಹುಣ್ಣಿಮೆ

ಮುಖ ಬಂತು. ಎಂಥ ಮುಖವೆಂದು ಬರೆಯಲು ನನಗೆ ಬರುವುದಿಲ್ಲ, ಪ್ರಸನ್ನವಾಗಿತ್ತು. ಹುಣ್ಣಿಮೆಯ ದಿನ ಗುಡಿಯೊಳಗೆ ಎದುರಿಗೆ ಕನ್ನಡಿ ಹಿಡಿದು ನಂಜುಂಡಾಚಾರಿಯವರು ಚಿನ್ನದ ಸೂಜಿಯಿಂದ ಕಣ್ಣು ಬಿಡಿಸಿದರು. ಕಲಶದ ನೀರನ್ನು ಅಮ್ಮನವರಿಗೆ ಅಭಿಷೇಕ ಮಾಡಿದರು. ಶಿವಾರಪಟ್ಟಣದ ಹೆಸರು ಉಳಿಯಿತು. ನಮ್ಮವರು ಖಾದರ್ ಸಾಹೇಬರಿಗೆ ತಂತಿ ಕೊಟ್ಟರು, ನಾನು ಆಚಾರಿಯವರ ಹೆಂಡತಿಗೆ ಕಾಗದ ಬರೆದೆ.

ಅವತ್ತಿನ ಊಟದಲ್ಲಿ ಮೂವರು ಮ್ಯಾನೇಜರುಗಳೂ ನಮ್ಮವರನ್ನು ಪಕ್ಕಕ್ಕೆ ಕರೆದರು. ಹಲಗೆಯ ಪ್ರಭಾವ ನಿಧಾನವಾಗಿ ಆಗುತ್ತದೆ ಎಂದರು ದೊರೆ. ನೀವು ಅವತ್ತು ಬೈದದ್ದು ಒಳಗೆ ನಾಟಿದೆ ಎಂದರು ನಾಯುಡು. ಕಡೆಗೆ ಎರಡು ದಿನ ಅವರನ್ನು ಅವರ ಪಾಡಿಗೆ ಬಿಟ್ಟಿರಲ್ಲ ಎಂದರು ಕಾರ್ಖಾನೆಯವರು. ನಮ್ಮವರು ಮೂರನ್ನೂ ಬರೆದುಕೊಂಡು, "ಇದರಲ್ಲಿ ಯಾವುದು ಕಣೇ ಸರಿ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು.

ಹೊರಡುವ ಬೆಳಗ್ಗೆ

ಗಾಡಿ ಬರುವ ಮುಂಚೆ ಗುಡಿಗೆ ಹೋಗಿ ಬರೋಣವೆಂದು ಹೊರಟೆ. ಕೊಂಬು ಊದಿಯಾಗಿತ್ತು. ಹೆಂಗಸರು ಗುಡಿಯ ಬಾಗಿಲಿಗೆ ಬಂದಿರುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ಪೂಜಾರಿ ಒಬ್ಬರೇ ಗಂಟೆ ಬಾರಿಸುತ್ತಿದ್ದರು. ಹೆಂಗಸರೆಲ್ಲ ಹಾಜರಿ ಬಯಲಿನ ಕೊನೆಯಲ್ಲಿದ್ದರು. ಪೇಚಿ ತನ್ನ ಮನೆಯ ಚೆಂಬು ತಂದು, ಅದೇ ಜಾಗದಲ್ಲಿ, ಕಾಯಿಯಿಟ್ಟು ಬೇವು ಸುತ್ತಿದ್ದಳು. ದೊರೆ ದೂರದಲ್ಲಿ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ನಿಂತಿದ್ದರು.

ನನಗೆ ನಂಜುಂಡಾಚಾರಿಯವರದೇ ಯೋಚನೆ. ಇದನ್ನು ನೋಡಿದರೆ ಅವರ ಎದೆ ಒಡೆದುಹೋದೀತು ಎಂದು ಹುಡುಕಿದೆ. ಅವರು ಆ ಸಾಲಿನಲ್ಲೇ ಇದ್ದರು, ಹೆಂಗಸರ ಹಿಂದೆ, ಶಲ್ಯ ಸೊಂಟಕ್ಕೆ ಸುತ್ತಿಕೊಂಡು.

"ಏನು ಆಚಾರಿಗಳೇ, ನೀವೂ ಇಲ್ಲಿ? ನಿಮ್ಮ ಅಮ್ಮನವರು ಅಲ್ಲಿದ್ದಾರೆ," ಎಂದೆ.

"ಹೋಗಿದ್ದೆ ಅಮ್ಮ," ಎಂದರು. "ಕೈ ಎತ್ತಿದ್ರೆ, ಎಡಗಡೆ ಹುಬ್ಬು ಒಂದು ಎಳೆ ದಪ್ಪ ಆಯ್ತಲ್ಲ ಅಂತ ಕಾಣ್ಸುತ್ತೆ. ಮೂಗು ನೋಡಿದ್ರೆ ಉಳಿ ಜಾರಿದ್ದು ನೆನಪಾಗುತ್ತೆ. ಬೇರೆಯವ್ರಿಗೆ ಅಲ್ಲಿ ತಾಯಿ ಕಾಣ್ತಾಳೆ. ನಂಗೆ ಕೆಲಸ ಕಾಣುತ್ತೆ. ನಲವತ್ತು ವರ್ಷದಿಂದ ಹಿಂಗೇ. ಈ ಚೆಂಬಲ್ಲಿ ನನ್ ಕೈಕೆಲಸ ಏನೂ ಇಲ್ಲ ನೋಡಿ."

ಮುಂದಿದ್ದವಳು ಕೈ ಮುಗಿದು ಬುಟ್ಟಿ ಸರಿಮಾಡಿಕೊಂಡು ಹೋದಳು. ಅವರು ಒಂದು ಹೆಜ್ಜೆ ಮುಂದೆ ಹೋದರು. ತಾವು ಕಾಣಲಾಗದ ದೇವರನ್ನು ನಲವತ್ತು ವರ್ಷ ಊರೂರಿಗೆ ಮಾಡಿಕೊಟ್ಟ ಮನುಷ್ಯರು. ಯಾತಕ್ಕೆ ಮಾಡಿದಿರಿ ಎಂದು ಕೇಳಬೇಕೆನ್ನಿಸಿತು. ನಮ್ಮವರ ನೋಟುಬುಕ್ಕಿನಲ್ಲಿ ಇನ್ನೂ ಹಾಳೆಗಳಿದ್ದವು. ಅಷ್ಟರಲ್ಲಿ ಅವರ ಸರದಿ ಬಂತು. ಕಣ್ಣು ಮುಚ್ಚಿ, ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ ಮುಗಿದರು. ಅವರು ಸಾಷ್ಟಾಂಗ ಬೀಳುತ್ತಾರೆಂದು ಕಂಡು, ಜಾಗವಾಗಲಿ ಎಂದು ನಾನು ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದೆ.